ಒಂದು ಗೇಣು ಟೇಪು

ಕಲ್ಯಾಣದುರ್ಗ
9 ಜೂನ್ 2024

ತನುಜಾ,

ಕವರಿನ ಹಿಂದೆ ನನ್ನ ಹೆಸರು ನೋಡಿಯೂ ಇದನ್ನು ಒಡೆದಿದ್ದೀಯ ಅಂದರೆ ಅರ್ಧ ಕೆಲಸ ಆದಂತೆ. ಹೌದು, ನಾನೇ. ಹುಣಸೆಹಣ್ಣಿನ ಮಂಡಿ ಕೊಟ್ಟೂರಪ್ಪನವರ ಮಗಳು, ನಿಮ್ಮ ಎದುರುಮನೆಯ ಸ್ನೇಹಲತಾ. ಇಪ್ಪತ್ತೊಂಬತ್ತು ವರ್ಷವಾಯಿತು.

ನಿನ್ನ ವಿಳಾಸ ಸಿಕ್ಕಿದ್ದು ಒಂದು ಮಿಕ್ಸಿಯಿಂದ. ನನ್ನ ನಾದಿನಿ ಹಿಂದೂಪುರದಲ್ಲಿ ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬಂದಳು. ಚೀಟಿಯ ಮೇಲೆ ಇನ್ನೂ ನಿಮ್ಮಣ್ಣನ ಹೆಸರೇ, ‘ಓಬುಳೇಶ್ ರೇಡಿಯೊ ಅಂಡ್ ಟೇಪ್ ವರ್ಕ್ಸ್’ ಅಂತಲೇ ಇತ್ತು. “ಒಬ್ಬ ಹೆಂಗಸು ಮಾಡಿಕೊಟ್ಳು, ಬಾಯಿ ಸ್ವಲ್ಪ ಜೋರು” ಅಂದಳು. ನೀನೇ ಅಂತ ಖಾತ್ರಿಯಾಯಿತು.

ನಾನು ಚೆನ್ನಾಗಿದ್ದೇನೆ. ಯಜಮಾನರು ಸಿದ್ದಲಿಂಗೇಶ್ ಕಳ್ಳೆಕಾಯಿ ಬೀಜದ ಅಂಗಡಿ ಇಟ್ಟಿದ್ದಾರೆ. ನಾನು ಮಗ್ಗಂ ಕಸೂತಿಯ ರವಿಕೆಗಳಿಗೆ ಡಿಸೈನ್ ಬರೆದುಕೊಡುತ್ತೇನೆ. ನಿನ್ನ ಕ್ಯಾಸೆಟ್ಟುಗಳಿಗೆ ಹಳೇ ಕ್ಯಾಲೆಂಡರ್ ಕತ್ತರಿಸಿ ಮುಖಪುಟ ಬರೆಯುತ್ತಿದ್ದ ಕೈ ಈಗ ಬಟರ್ ಪೇಪರಿನ ಮೇಲೆ ನವಿಲು ಬರೆಯುತ್ತದೆ. ಮಗಳು ಮೌನಿಕಾ ಅನಂತಪುರದಲ್ಲಿ ಬಿ.ಎಡ್. ಓದುತ್ತಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮ ತೀರಿಕೊಂಡು ಹದಿನೈದು ವರ್ಷ. ಕಡೆಯ ಆರು ವರ್ಷ ನನ್ನ ಹತ್ತಿರವೇ ಇದ್ದಳು. ಹೋದ ತಿಂಗಳು ಮೌನಿಕಾ, “ಅಜ್ಜಿ ದನಿ ಹೆಂಗಿತ್ತಮ್ಮ?” ಅಂತ ಕೇಳಿದಳು. ಅಮ್ಮನ ಒಂದು ಮಾತು ಆಡಿ ತೋರಿಸಲು ಹೋದೆ, ಆಗಲಿಲ್ಲ. ಅಮ್ಮ ಆಡಿದ ಮಾತುಗಳೆಲ್ಲ ನೆನಪಿವೆ, ದನಿ ಮಾತ್ರ ಇಲ್ಲ. ಯಾವ ಮಾತು ನೆನೆಸಿಕೊಂಡರೂ ಅದು ನನ್ನದೇ ದನಿಯಲ್ಲಿ ಕೇಳಿಸುತ್ತದೆ. ಇದು ನನಗೆ ತುಂಬ ಕಷ್ಟವಾಗಿದೆ ಕಣೆ. ಫೋಟೊ ಹನ್ನೊಂದು ಇವೆ. ದನಿ ಎಲ್ಲೂ ಇಲ್ಲ.

ಎಲ್ಲಾದರೂ ಉಳಿದಿದ್ದರೆ ಅದು ನಿನ್ನ ಟೇಪಿನಲ್ಲಿ. ನಾವು ಜಗಳ ಆಡಿದೆವಲ್ಲ, ಆ ಅವಳಿ ಅಕ್ಕತಂಗಿಯರ ಸಿನಿಮಾದ ಟೇಪು. ಅದರ ತುಂಬ ಅಮ್ಮ ಮಾತಾಡಿದ್ದಾಳೆ ಅಂತಲೇ ಅಲ್ಲವಾ ನೀನು ಕೂಗಾಡಿದ್ದು. ಅದು ಇದೆಯಾ? ಇದ್ದರೆ ಒಂದು ಸಲ ಕೇಳಿಸು, ಸಾಕು. ನನ್ನ ಫೋನ್ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ.

ಹಳೆಯದನ್ನು ಮರೆಯದ,
ಸ್ನೇಹಲತಾ


ಹಿಂದೂಪುರ
22 ಜೂನ್ 2024

ಸ್ನೇಹಲತಾ,

ನಿನ್ನ ನಾದಿನಿಗೆ ಹೇಳು, ಬಾಯಿ ಜೋರಾಗಿದ್ದದ್ದು ಅವಳ ಮಿಕ್ಸಿಯದು. ಅದನ್ನು ಮೀರಿ ಮಾತಾಡಬೇಕಿತ್ತು.

ಅಂಗಡಿ ಈಗ ನನ್ನದೇ. ಅಣ್ಣ ಓಬುಳೇಶನಿಗೆ ಎಪ್ಪತ್ತಾಗುತ್ತಾ ಬಂತು, ಒಂದು ಕಿವಿ ಪೂರಾ ಹೋಗಿದೆ, ಆದರೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಸ್ತ್ರಿಗಿರಿ ಮಾಡುತ್ತಾನೆ. ನಾನು ಮದುವೆ ಮಾಡಿಕೊಳ್ಳಲಿಲ್ಲ. ಚೆನ್ನಾಗಿಯೇ ಇದ್ದೇನೆ, ಅಯ್ಯೋ ಪಾಪ ಅನ್ನಬೇಡ.

ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಕಿರುಚುತ್ತೇನೆ, ಇನ್ನೊಂದು ಇಪ್ಪತ್ತೊಂಬತ್ತು ವರ್ಷ ಹೋಗುತ್ತದೆ. ಕಾಗದವೇ ವಾಸಿ. ಒಬ್ಬರ ಮಾತು ಮುಗಿದ ಮೇಲೆ ತಾನೆ ಇನ್ನೊಬ್ಬರದು.

ನಿನಗೆ ನೆನಪಿದೆಯೋ ಇಲ್ಲವೋ, ನಾನು ಟೇಪಿನಲ್ಲಿ ಹಾಡು ಹಿಡಿಯುತ್ತಿರಲಿಲ್ಲ. ಹಾಡು ಅಂಗಡಿಯಲ್ಲಿ ಸಿಗುತ್ತಿತ್ತು. ಮಾತಿಗೂ ಮಾತಿಗೂ ನಡುವೆ, ನಾಯಕಿ ಬಾವಿಗೆ ಹೋಗುವಾಗ, ಕಾಗದ ಹರಿದು ಹಾಕುವಾಗ ಬರುವ ಸಂಗೀತ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅದು ನನಗೆ ಬೇಕಾಗಿತ್ತು. ಅದಕ್ಕೇ ಅಣ್ಣನ ಟೇಪ್ ರೆಕಾರ್ಡರನ್ನು ಊಟದ ಚೀಲದಲ್ಲಿಟ್ಟುಕೊಂಡು ಮ್ಯಾಟಿನಿಗೆ ಬರುತ್ತಿದ್ದೆ. ಇಬ್ಬರು ಹುಡುಗಿಯರು ಹೋಗಬೇಕಾದರೆ ನಿಮ್ಮಮ್ಮ ಜೊತೆಗಿರಬೇಕು ಅನ್ನುವುದು ನಿಮ್ಮಪ್ಪನ ಕರಾರು. ನಿಮ್ಮಮ್ಮನೋ, ತೆಲುಗು ಸಿನಿಮಾದ ನಾಯಕಿಗೆ ಶುರುವಿನಿಂದ ಕೊನೆಯವರೆಗೆ ಕನ್ನಡದಲ್ಲಿ ಬುದ್ಧಿ ಹೇಳೋರು.

ಆ ಸಿನಿಮಾದಲ್ಲಿ ತಂಗಿ ಹೊಳೆ ದಾಟುವಾಗ ಒಂದು ಶಹನಾಯಿ ಬರುತ್ತದೆ. ಅಂಥ ಶಹನಾಯಿ ನಾನು ಮತ್ತೆ ಕೇಳಿಲ್ಲ. ಅದಕ್ಕಾಗಿ ಮೂರು ಸಲ ಬಂದೆವು, ಮೂರು ಸಲವೂ ಅದರ ಮೇಲೆ ನಿಮ್ಮಮ್ಮ ಹಂಪಮ್ಮನವರ ಮಾತು. ಮೂರನೇ ಸಲ ನಿಮ್ಮಮ್ಮನ ಎದುರಿಗೇ, “ಮುಂದಿನ ಸಲ ಬಾಯಿಗೆ ಬಟ್ಟೆ ಕಟ್ಟಿ ಕರ್ಕಂಡು ಬಾ” ಅಂದೆ. ನೀನು “ನಿನ್ನ ಪೆಟ್ಟಿಗೆಗೆ ಬೆಂಕಿ ಬೀಳಲಿ” ಅಂದೆ. ನಾಲ್ಕು ತಿಂಗಳಿಗೆ ನಿನ್ನ ಮದುವೆ, ನಮ್ಮ ಮನೆಗೆ ಕಾರ್ಡು ಬರಲಿಲ್ಲ.

ಜಗಳದ ದಿನ ಆಮೇಲೆ ನಾನು ಮಾಡಿದ್ದು ನಿನಗೆ ಗೊತ್ತಿಲ್ಲ. ಅಂಗಡಿಗೆ ಹೋಗಿ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಮಾತು ಬಂದ ಕಡೆಯೆಲ್ಲ ಬ್ಲೇಡಿನಲ್ಲಿ ಕತ್ತರಿಸಿ, ಉಳಿದದ್ದನ್ನು ಅಂಟಿಸಿದೆ. ಆ ಟೇಪು ಟ್ರಂಕಿನಲ್ಲಿದೆ. ಆದರೆ ಅದರಲ್ಲಿ ನಿಮ್ಮಮ್ಮ ಇಲ್ಲ. ಸುಳ್ಳು ಹೇಳಬಹುದಿತ್ತು, ಹೇಳಲು ಮನಸ್ಸು ಬರಲಿಲ್ಲ.

ತನುಜಾ


ಕಲ್ಯಾಣದುರ್ಗ
14 ಜುಲೈ 2024

ತನುಜಾ,

ನಿನ್ನ ಕಾಗದ ಓದಿ ಹದಿನೈದು ದಿನ ಅದನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿಟ್ಟಿದ್ದೆ. ಸಿಟ್ಟು ಬಂದಿತ್ತು. ಕತ್ತರಿಸಿದ್ದಕ್ಕಲ್ಲ, ಅದನ್ನು ಅಷ್ಟು ಸಲೀಸಾಗಿ ಬರೆದದ್ದಕ್ಕೆ. ಈಗ ಇಳಿದಿದೆ.

ಅಮ್ಮನಿಗೆ ಬೇಜಾರಾಗಿತ್ತೇನೋ ಅಂತ ನೀನು ಒಳಗೊಳಗೇ ಅಂದುಕೊಂಡಿರಬಹುದು. ಕೇಳು. ಇಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಸಂಜೆ ಜಗಲಿಗೆ ಬರುತ್ತಿದ್ದರು. ಅವರಲ್ಲಿ ಯಾರದೋ ಮಗ ಟಿವಿಯಲ್ಲಿ ಬಂದ, ಯಾರದೋ ಮಗಳ ಹೆಸರು ಪೇಪರಿನಲ್ಲಿ ಬಂತು. ಅಮ್ಮ ಕಾದಿದ್ದು ಹೇಳೋಳು: “ನನ್ ಗಂಟ್ಲು ಹಿಂದೂಪುರದಾಗೆ ಟೇಪಾಗೈತೆ ಕಣಮ್ಮ. ನಮ್ ತನುಜಾ ಮಡಗವ್ಳೆ.” ಯಾರಾದರೂ ನಕ್ಕರೆ, “ಬೇಕಾದ್ರೆ ಹೋಗಿ ಕೇಳ್ಕಂಡು ಬಾ, ಸರ್ಕಾರಿ ಬಸ್ಸು ಬಿಟ್ಟವ್ರೆ” ಅನ್ನೋಳು. ಬಾಯಿಗೆ ಬಟ್ಟೆ ಕಟ್ಟುವ ಮಾತನ್ನು ಅವಳು ಒಂದು ದಿನವೂ ಎತ್ತಲಿಲ್ಲ. ಎತ್ತುತ್ತಿದ್ದವಳು ನಾನು.

ನೀನು ಇಟ್ಟುಕೊಂಡಿದ್ದೀಯ ಅಂತ ನಂಬಿಕೊಂಡೇ ಹೋದಳು. ಅದು ನಿನಗೆ ಗೊತ್ತಿರಲಿ ಅಂತ ಬರೆದೆ, ಚುಚ್ಚಲು ಅಲ್ಲ. ಸ್ವಲ್ಪ ಚುಚ್ಚಲೂ ಹೌದು.

ಸ್ನೇಹಲತಾ


ಹಿಂದೂಪುರ
25 ಜುಲೈ 2024
(ಕಾರ್ಡು)

ಸ್ನೇಹಾ, ಟ್ರಂಕಿನ ಬೀಗದ ಕೈ ಸಿಗುತ್ತಿಲ್ಲ. ನಾಳೆ ಬೀಗ ಒಡೆಯುತ್ತೇನೆ. ಕತ್ತರಿಸಿದ ತುಂಡುಗಳು ಏನಾದವು ಅಂತ ಅಣ್ಣನನ್ನು ಕೇಳಿದ್ದೇನೆ. ಅವನು ಒಂದು ವಾರ ಟೈಮ್ ಕೇಳಿದ್ದಾನೆ, ಯೋಚನೆ ಮಾಡಲು. — ತ.


ಹಿಂದೂಪುರ
18 ಆಗಸ್ಟ್ 2024

ಸ್ನೇಹಾ,

ಕೂತುಕೊಂಡು ಓದು.

ಟೇಪು ಕತ್ತರಿಸಿದ ದಿನ ತುಂಡುಗಳನ್ನು ನಾನು ಎಸೆದಿರಲಿಲ್ಲ. ನಮ್ಮ ಅಂಗಡಿಯಲ್ಲಿ ಏನನ್ನೂ ಎಸೆಯುವ ಪದ್ಧತಿ ಇಲ್ಲವಲ್ಲ. ಕೆಲಸದ ಟೇಬಲ್ಲಿನ ಮೇಲೆ ಗೋಡೆಯಲ್ಲಿ ಒಂದು ಮೊಳೆ ಇತ್ತು, ಅದಕ್ಕೆ ನೇತುಹಾಕಿದ್ದೆ. ಆ ಮೊಳೆಯಿಂದ ಅಣ್ಣ ತುಂಡು ತೆಗೆದುಕೊಳ್ಳುತ್ತಿದ್ದ.

ಯಾಕೆ ಅಂದರೆ ಅವನದೊಂದು ಹಟ. ಗಿರಾಕಿಯ ಕ್ಯಾಸೆಟ್ಟು ಮೆಷಿನ್ನಿನಲ್ಲಿ ಸಿಕ್ಕಿಹಾಕಿಕೊಂಡು ಮುದುಡಿರುತ್ತದೆ. ಬೇರೆಯವರಾದರೆ ಮುದುಡಿದ್ದನ್ನು ಕತ್ತರಿಸಿ ಎರಡು ತುದಿ ಸೇರಿಸಿ ಕಳಿಸುತ್ತಾರೆ. ಅಣ್ಣ ಹಾಗೆ ಮಾಡಿದವನಲ್ಲ. “ಒಂದು ಗೇಣು ತೆಗೆದ್ರೆ ಒಂದು ಗೇಣು ಹಾಕ್ಬೇಕು. ಜನ ಅರವತ್ತು ನಿಮಿಷ ಅಂತ ತಕ್ಕಂಡವ್ರೆ, ಅದ್ರಾಗೆ ನಾವು ಕಮ್ಮಿ ಮಾಡ್ಬಾರ್ದು” ಅನ್ನುತ್ತಿದ್ದ. ಹಾಕುವ ತುಂಡಿನಲ್ಲಿ ಏನಿದೆ ಅಂತ ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಅಳತೆ ಸರಿಯಿದ್ದರೆ ಆಯಿತು.

ಅರ್ಥವಾಯಿತಾ? ನಿಮ್ಮಮ್ಮನನ್ನು ನಮ್ಮಣ್ಣ ಗೇಣು ಗೇಣಾಗಿ ಊರಿಗೆಲ್ಲ ಹಂಚಿಬಿಟ್ಟಿದ್ದಾನೆ. ಯಾರದೋ ಮದುವೆ ಬ್ಯಾಂಡಿನ ಕ್ಯಾಸೆಟ್ಟಿನಲ್ಲಿ, ಯಾರದೋ ಹರಿಕಥೆಯಲ್ಲಿ ಐದೈದು ಸೆಕೆಂಡು ಹಂಪಮ್ಮನವರು ಕೂತಿದ್ದಾರೆ.

ಯಾರು ಯಾರಿಗೆ ಹೋಯಿತು ಅಂತ ಅವನಿಗೆ ನೆನಪಿಲ್ಲ. ನೆನಪಿರುವುದು ತಿರುಗಿ ಬಂದು ತಕರಾರು ಮಾಡಿದವರು ಮಾತ್ರ, ಇಬ್ಬರು. ಒಬ್ಬಳು ಗೋರಂಟ್ಲದ ಪೋಲಮ್ಮ. “ಭಜನೆ ಮಧ್ಯೆ ಯಾರೋ ಹೆಂಗಸು ಬಾಗಿಲು ಗೀಗಿಲು ಅಂತಾಳೆ, ಕ್ಯಾಸೆಟ್ಟಿಗೆ ದೆವ್ವ ಹೊಕ್ಕಿದೆಯಾ” ಅಂತ ತೆಲುಗಿನಲ್ಲಿ ಬೈದುಕೊಂಡು ಬಂದಿದ್ದಳಂತೆ. ಇನ್ನೊಬ್ಬ ಲಾರಿ ಓಡಿಸುತ್ತಿದ್ದ ತಿಪ್ಪೇಶ್, ಈಗ ಕೊಡಿಕೊಂಡ ಊರಿನ ಚೆಕ್‌ಪೋಸ್ಟಿನ ಹತ್ತಿರ ಧಾಬಾ ಇಟ್ಟಿದ್ದಾನೆ.

ಭಾನುವಾರ ಅಂಗಡಿ ರಜೆ. ಹೋಗಿ ಬರುತ್ತೇನೆ.

ತನುಜಾ


ಕಲ್ಯಾಣದುರ್ಗ
27 ಆಗಸ್ಟ್ 2024

ತನುಜಾ,

ನಿನ್ನ ಕಾಗದ ಮೌನಿಕಾಳಿಗೆ ಓದಿ ಹೇಳುವಾಗ ನಗು ಬಂದು, ನಗುತ್ತಲೇ ಅಳು ಬಂತು. ಯಜಮಾನರು ಅಂಗಡಿಯಿಂದ ಎದ್ದು ಬಂದು ನೋಡಿದರು. ಅಮ್ಮನಿಗೆ ಇದು ಗೊತ್ತಾಗಿದ್ದರೆ ಇನ್ನೂ ಜಂಬ ಮಾಡೋಳು. ಓಬುಳೇಶಣ್ಣನ ಮೇಲೆ ನನಗೆ ಸ್ವಲ್ಪವೂ ಕೋಪವಿಲ್ಲ ಅಂತ ಅವನ ಒಳ್ಳೇ ಕಿವಿಗೆ ಹೇಳು.

ಬೇಗ ಹೋಗು. ಆ ಪೋಲಮ್ಮ ಮುದುಕಿಯಾಗಿರುತ್ತಾಳೆ. ಕ್ಯಾಸೆಟ್ಟನ್ನು ಯಾವ ಹಳೇ ಸಾಮಾನಿನವನಿಗೆ ಹಾಕುತ್ತಾಳೋ.

ಕಾಯುತ್ತಿರುವ,
ಸ್ನೇಹಲತಾ


ಹಿಂದೂಪುರ
29 ಸೆಪ್ಟೆಂಬರ್ 2024

ಸ್ನೇಹಾ,

ಮೂರು ಭಾನುವಾರ ಹಿಡಿಯಿತು. ಮೊದಲನೆಯದರಲ್ಲಿ ಪೋಲಮ್ಮ ಮಗಳ ಮನೆಗೆ ಹೋಗಿದ್ದಳು.

ಎರಡನೇ ಸಲ ಸಿಕ್ಕಳು. ನಾನು ಕ್ಯಾಸೆಟ್ಟು ಕೇಳಿದ ತಕ್ಷಣ ಅವಳ ಮುಖ ಗಂಟಾಯಿತು. “ಅದೆಂದುಕಮ್ಮಾ ನೀಕು? ಆವಿಡ ಮಾ ಇಂಟಾವಿಡೆ” ಅಂದಳು. ಅದು ನಿನಗ್ಯಾಕೆ, ಅವಳು ನಮ್ಮ ಮನೆ ಹೆಂಗಸು ಅಂತ, ನಿಮ್ಮಮ್ಮನನ್ನು. ನಾನು ಕೊಂಡೊಯ್ಯಲು ಬಂದಿಲ್ಲ, ಒಂದು ಸಲ ಕೇಳಿ ದನಿ ಮಾತ್ರ ರೆಕಾರ್ಡ್ ಮಾಡಿಕೊಂಡು ಹೋಗುತ್ತೇನೆ ಅಂತ ಅಕ್ಕರೆಯಿಂದ ಹೇಳಿದ ಮೇಲೆ ಟೇಪ್ ಪೆಟ್ಟಿಗೆ ತಂದು ಕ್ಯಾಸೆಟ್ಟು ಹಾಕಿದಳು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬಂದು ಸುತ್ತ ಕೂತರು. ಭಜನೆ ನಡೆಯುತ್ತಿತ್ತು. ಒಂದು ಕಡೆ ಎಲ್ಲರೂ ಬಾಯಿ ತೆರೆದುಕೊಂಡು ತಯಾರಾದರು. ಮನೆಯಲ್ಲಿ ಒಬ್ಬರಿಗೂ ಕನ್ನಡ ಬಾರದು ಕಣೆ. ತಾಳ ನಿಂತ ಹಾಗಾಗಿ ನಿಮ್ಮಮ್ಮನ ದನಿ ಬಂತು, ಅವರೆಲ್ಲ ಅದರ ಜೊತೆ ಒಟ್ಟಿಗೆ ಕೂಗಿದರು: “ಬಾಗ್ಲು ತೆಗೀಬ್ಯಾಡ ಕಣಮ್ಮ, ಅವ್ನು ಒಳ್ಳೇನಲ್ಲ.”

ಮನೆಗೆ ಯಾರು ಬಂದು ಬಾಗಿಲು ಬಡಿದರೂ ಒಳಗಿನಿಂದ ಯಾರಾದರೊಬ್ಬರು ಹಾಗೆ ಕೂಗುತ್ತಾರಂತೆ. ಪೋಲಮ್ಮನ ಗಂಡ ಶುರು ಮಾಡಿದ ಚಾಳಿ ಅದು. ಅವನು ಹೋಗಿ ನಾಲ್ಕು ವರ್ಷ. ಅದಕ್ಕೇ ಕ್ಯಾಸೆಟ್ಟು ಕೊಡುವುದಿಲ್ಲ ಅಂದಳು. ನಾನೂ ಕೇಳಲಿಲ್ಲ. ಎರಡನೇ ಸಲ ಹಾಕಿಸಿ, ಎಲ್ಲರನ್ನೂ ಸುಮ್ಮನಿರಿಸಿ ಹಿಡಿದುಕೊಳ್ಳೋಣ ಅಂತ ಬಾಯಿವರೆಗೆ ಬಂದಿತ್ತು. ಯಾರ ಬಾಯಿಗೆ ಬಟ್ಟೆ ಕಟ್ಟಿಸಲಿ ಅನ್ನಿಸಿ ಬಿಟ್ಟೆ. ಅವರು ಕೂಗಿದ್ದನ್ನೇ ಹಿಡಿದುಕೊಂಡು ಬಂದೆ. ಮೊಮ್ಮಕ್ಕಳ ಕಿರುಚಾಟದ ಕೆಳಗೆ ನಿಮ್ಮಮ್ಮ ಸಣ್ಣದಾಗಿ ಕೇಳಿಸುತ್ತಾರೆ.

ತಿಪ್ಪೇಶನ ಕ್ಯಾಸೆಟ್ಟು ಲಾರಿಯ ಜೊತೆಗೇ ಹೋಗಿದೆ. ಆದರೆ ಮಾತು ಅವನಿಗೆ ಬಾಯಿಪಾಠ. ಸಿನಿಮಾದಲ್ಲಿ ಅಣ್ಣ ಜಗಳ ಮಾಡಿಕೊಂಡು ತಟ್ಟೆ ಬಿಟ್ಟು ಎದ್ದು ಹೋಗುವ ಕಡೆಯದು. ತಿಪ್ಪೇಶ್ ಸೌಟು ಹಿಡಿದುಕೊಂಡೇ ಹೇಳಿ ತೋರಿಸಿದ: “ಉಣ್ದೆ ಎದ್ದೋಯ್ತಾವ್ನೆ ನೋಡು. ಉಂಡ್ಬುಟ್ಟು ಹೋಗಪ್ಪ, ಕೋಪ ಎಲ್ಲೋಯ್ತದೆ.” ಎಷ್ಟೋ ಸಲ ಆ ಮಾತು ಊಟದ ಹೊತ್ತಿಗೆ ಸರಿಯಾಗಿ ಬಂದು, ಲಾರಿ ನಿಲ್ಲಿಸಿ ಉಂಡಿದ್ದೇನೆ ಅಂದ. ಮೀಸೆ ಹೊತ್ತ ಗಂಡಸಿನ ಬಾಯಲ್ಲಿ ‘ಹೋಗಪ್ಪ’ ಅನ್ನುವ ಎಳೆತ ಮಾತ್ರ ಪೂರಾ ನಿಮ್ಮಮ್ಮನದೇ. ಅದನ್ನೂ ಹಿಡಿದಿದ್ದೇನೆ. ನನಗೆ ಊಟ ಹಾಕದೆ ಬಿಡಲಿಲ್ಲ.

ಇದಿಷ್ಟೇ ಸಿಕ್ಕಿದ್ದು. ನೀನು ಕೇಳಿದ್ದು ದನಿ, ನನಗೆ ಸಿಕ್ಕಿದ್ದು ಅದರ ಸುತ್ತಲಿನ ಗಲಾಟೆ. ಸಾಲದು ಅಂತ ನನಗೂ ಗೊತ್ತು.

ಒಂದು ಮಾತು ಹೇಳಬೇಕು. ಅವತ್ತು ಕತ್ತರಿಸುವಾಗ ಮಾತು ಎಲ್ಲಿ ಶುರು, ಎಲ್ಲಿ ಕೊನೆ ಅಂತಷ್ಟೇ ಕೇಳಿಸಿಕೊಂಡಿದ್ದೆ. ಏನು ಮಾತು ಅಂತ ಕೇಳಿಸಿಕೊಂಡಿರಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗಿದೆ.

ತನುಜಾ


ಹಿಂದೂಪುರ
20 ಅಕ್ಟೋಬರ್ 2024

ಸ್ನೇಹಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಬಸ್ ಪಾರ್ಸಲ್ಲಿನಲ್ಲಿ ಒಂದು ಡಬ್ಬ ಕಳಿಸಿದ್ದೇನೆ, ಬಸ್ ಸ್ಟ್ಯಾಂಡಿನಿಂದ ಬಿಡಿಸಿಕೋ. ಅದರಲ್ಲಿ ನೀನು ಬೆಂಕಿ ಬೀಳಲಿ ಅಂದಿದ್ದ ಪೆಟ್ಟಿಗೆ ಇದೆ. ಬೆಲ್ಟು ಹೊಸದು. ಒಳಗೆ ಒಂದು ಕ್ಯಾಸೆಟ್ಟು ಇದೆ, ಅದೇ ಅವಳಿ ಅಕ್ಕತಂಗಿಯರದು, ನಾನು ಕತ್ತರಿಸಿ ಶುದ್ಧ ಮಾಡಿದ್ದು.

ಕತ್ತರಿಸಿ ಅಂಟಿಸಿದ ಮೇಲೆ ಅದನ್ನು ನಾನು ಒಂದು ದಿನವೂ ಹಾಕಿ ಕೇಳಿರಲಿಲ್ಲ. ಇಷ್ಟು ಕಷ್ಟಪಟ್ಟ ಶಹನಾಯಿಯನ್ನೂ ಕೇಳಲು ಮನಸ್ಸಾಗಿರಲಿಲ್ಲ. ಹೋದ ವಾರ ಗೋರಂಟ್ಲದ್ದನ್ನು ಅಣ್ಣನಿಗೆ ಕೇಳಿಸುತ್ತಾ ಕೂತಿದ್ದಾಗ ಅವನು, “ನಿನ್ ಟೇಪ್ನೂ ಒಂದ್ಸಲ ಮೆಷಿನ್ ತಿಂದಿತ್ತು ಕಣಮ್ಮ. ಚೆಕ್ ಮಾಡಾಕೆ ಅಂತ ಹಾಕಿದ್ದೆ, ಮುದುಡ್ಕಂಡ್ಬುಡ್ತು. ನೀನು ಬೈತೀಯ ಅಂತ ಹೇಳ್ಲಿಲ್ಲ” ಅಂದ. ಆಮೇಲೆ ಏನು ಮಾಡಿದೆ ಅಂದೆ. “ಏನ್ ಮಾಡ್ತಾರೆ? ಒಂದು ಗೇಣು ತೆಗೆದೆ, ಒಂದು ಗೇಣು ಹಾಕ್ದೆ. ನೀನಾದ್ರೇನು, ಗಿರಾಕಿ ಗಿರಾಕೀನೇ.”

ಮೊದಲ ಬದಿ ಹಾಕು. ಶಹನಾಯಿ ಶುರುವಾಗುವವರೆಗೆ ಕಾಯಿ. ನಾನು ಏನೂ ಹೇಳುವುದಿಲ್ಲ. ಮೂಲ ಟೇಪನ್ನೇ ಕಳಿಸಿದ್ದೇನೆ, ನಕಲು ಇಟ್ಟುಕೊಂಡಿದ್ದೇನೆ.

ತನುಜಾ


ಕಲ್ಯಾಣದುರ್ಗ
3 ನವೆಂಬರ್ 2024

ತನುಜಾ,

ಪೆಟ್ಟಿಗೆ ಬಂದಾಗ ಮೌನಿಕಾ ರಜೆಗೆ ಬಂದಿದ್ದಳು. ಯಜಮಾನರು ಅಂಗಡಿ ಬಾಗಿಲು ಎಳೆದು ಬಂದರು. ಮಧ್ಯಾಹ್ನ ಮೂರು ಗಂಟೆ, ಒಲೆಯ ಮೇಲೆ ಮಂಡಕ್ಕಿ ಉಗ್ಗಾಣಿ ಇತ್ತು. ಮೂವರೂ ನೆಲದ ಮೇಲೆ ಕೂತೆವು.

ನಿನ್ನ ಶಹನಾಯಿ ನಿಜಕ್ಕೂ ಚೆನ್ನಾಗಿದೆ. ಆಗ ನನಗೆ ಅದು ಗೊತ್ತಾಗಿರಲಿಲ್ಲ. ಹೊಳೆಯ ನೀರಿನ ಸದ್ದು ಮುಗಿದು ಅದು ಮೇಲಕ್ಕೆ ಏರಿ, ಇನ್ನೇನು ಇಳಿಯಬೇಕು ಅನ್ನುವಾಗ ಟಕ್ ಅಂತ ಒಂದು ಸದ್ದು. ಆಮೇಲೆ ಅಮ್ಮ, ನನ್ನ ಕಿವಿಯ ಹತ್ತಿರ ಕೂತ ಹಾಗೆ: “ಸುಮ್ಕಿರು ಸ್ನೇಹಾ. ಆ ಮಗೀನ ಮಿಷನ್ನಿಗೆ ಬರೀ ನಿನ್ ಮಾತೇ ಬಿದ್ದೋಯ್ತದೆ, ಪಾಪ.” ಮತ್ತೆ ಟಕ್. ಮತ್ತೆ ಶಹನಾಯಿ.

ಹತ್ತು ಸಲ ಹಾಕಿದೆವು. ಹನ್ನೊಂದನೇ ಸಲ ಮೌನಿಕಾ, “ಬ್ಯಾಡ ಕಣಮ್ಮ, ಟೇಪ್ ಸವೆದೋಯ್ತದೆ” ಅಂದಳು.

ಟೇಪು ಕೆಡಿಸಿದವರಲ್ಲಿ ನಾನೂ ಒಬ್ಬಳು ಅಂತ ಆಯಿತು. ಏನು ಹರಟುತ್ತಿದ್ದೆನೋ ನೆನಪಿಲ್ಲ. ಅಮ್ಮ ನಿನ್ನ ಪರವಾಗಿ ನನ್ನನ್ನು ಗದರಿಸಿದ್ದಾಳೆ. ನಾನು ಅಮ್ಮನ ಪರವಾಗಿ ನಿನ್ನನ್ನು ಇಪ್ಪತ್ತೊಂಬತ್ತು ವರ್ಷ ಬೈದಿದ್ದೇನೆ. ಬೆಂಕಿ ಬೀಳಲಿ ಅಂದದ್ದು ತಪ್ಪಾಯಿತು ತನುಜಾ. ಮದುವೆಯ ಕಾರ್ಡು ಕೊಡದೆ ಹೋದದ್ದು ಇನ್ನೂ ದೊಡ್ಡ ತಪ್ಪು.

ಇನ್ನೊಂದು. ನಾನು ಹುಡುಕುತ್ತಿದ್ದದ್ದು ಕಡೆಯ ದಿನಗಳ ಅಮ್ಮನನ್ನು, ಒಂದು ಲೋಟ ನೀರು ಕೇಳುವುದಕ್ಕೂ ಸುಸ್ತಾಗುತ್ತಿದ್ದವಳನ್ನು. ಇದರಲ್ಲಿ ಇರುವುದು ಅವಳಲ್ಲ. ಬಾಯಲ್ಲಿ ಕಳ್ಳೆಕಾಯಿ ಇಟ್ಟುಕೊಂಡು ಖುಷಿಯಾಗಿ ಸಿನಿಮಾ ನೋಡುತ್ತಿರುವ ಹೆಂಗಸು. ಲೆಕ್ಕ ಹಾಕಿದೆ. ಅವತ್ತು ಅಮ್ಮನಿಗೆ ನಲವತ್ತೊಂದು. ನನಗೀಗ ನಲವತ್ತೊಂಬತ್ತು. ನನಗಿಂತ ಎಂಟು ವರ್ಷ ಚಿಕ್ಕವಳೊಬ್ಬಳು ನನ್ನನ್ನು ಸುಮ್ಕಿರು ಅಂದಳು, ನಾನು ಸುಮ್ಮನಾದೆ.

ಕ್ಯಾಸೆಟ್ಟಿಗೆ ಹೊಸ ಮುಖಪುಟ ಬರೆದಿದ್ದೇನೆ, ಇದರ ಜೊತೆ ಇದೆ. ಹೊಳೆ, ದೋಣಿ, ದಡದಲ್ಲಿ ಒಂದು ಮೊಳೆ, ಮೊಳೆಯಿಂದ ತೂಗುವ ಟೇಪು. ಕೆಳಗೆ ಸಣ್ಣಕ್ಷರದಲ್ಲಿ ‘ಮಾತು: ಹಂಪಮ್ಮ. ಧ್ವನಿಗ್ರಹಣ: ತನುಜಾ. ಜೋಡಣೆ: ಓಬುಳೇಶ್.’ ನನ್ನ ಹೆಸರು ಎಲ್ಲಿ ಹಾಕಲಿ ಅಂತ ತಿಳಿಯಲಿಲ್ಲ. ಕೊನೆಗೆ ‘ಗದ್ದಲ: ಸ್ನೇಹಲತಾ’ ಅಂತ ಬರೆದೆ.

ಮುಂದಿನ ಭಾನುವಾರ ಮೌನಿಕಾಳನ್ನು ಕರೆದುಕೊಂಡು ಬರುತ್ತೇನೆ. ಯಾವುದಾದರೂ ಸಿನಿಮಾ ಇದ್ದೇ ಇರುತ್ತದೆ, ಮ್ಯಾಟಿನಿಗೆ ಹೋಗೋಣ. ಎಷ್ಟು ಗಂಟೆಗೆ ಅಂತ ನೀನು ಹೇಳಬೇಕು. ಕಾಗದ ಬರೆದು ಅದು ಬರುವ ಹೊತ್ತಿಗೆ ಭಾನುವಾರ ಕಳೆದಿರುತ್ತದೆ. ನಂಬರ್ ಮೊದಲ ಕಾಗದದ ಹಿಂದೆ ಇದೆ. ಫೋನ್ ಮಾಡು. ನಡುವೆ ಬಾಯಿ ಹಾಕುತ್ತೇನೆ.

ನಿನ್ನ,
ಸ್ನೇಹಾ